ಡಯಟ್ ಫುಡ್ ತಿಂದರೂ ತೂಕ ನಿಂತಲ್ಲೇ ನಿಂತಿದೆ. ಕೊರಿಯಾದಲ್ಲಿರುವವರು ಸ್ವಲ್ಪ ಹೇಳಿ

ಸುವೋನ್ ಹುಡುಗಿ: ಬೆಳಿಗ್ಗೆ ಗ್ರಾನೋಲಾ, ಮಧ್ಯಾಹ್ನ ಸಲಾಡ್, ಸಂಜೆ ಪ್ರೋಟೀನ್ ಬಾರ್, ಜೊತೆಗೆ ಝೀರೋ ಕೋಲಾ. ಮೊದಮೊದಲು ತೂಕ ಇಳಿಯಿತು, ಈಗ ಅಲ್ಲಾಡುತ್ತಿಲ್ಲ. ಇಲ್ಲಿನ ನಾಟಿ ವೈದ್ಯದ ಕ್ಲಿನಿಕ್, ಅದೇ ಹನುಯಿವೊನ್‌ಗೆ ಹೋಗು ಅಂತ ಆಫೀಸಿನವರು ಹೇಳುತ್ತಾರೆ. ಹೋಗಲಾ?

ಲೇಬಲ್ ಓದುವವ: ಮೊದಲು ಪೊಟ್ಟಣ ತಿರುಗಿಸಿ ನೋಡಿ. ಗ್ರಾನೋಲಾ ಅಂದರೆ ಓಟ್ಸ್, ಎಣ್ಣೆ, ಸಿರಪ್. 100 ಗ್ರಾಂಗೆ 400 ಕ್ಯಾಲರಿ ದಾಟುತ್ತದೆ. ಸಲಾಡ್ ಮೇಲೆ ಎಳ್ಳಿನ ಡ್ರೆಸಿಂಗ್ ಸುರಿಯುತ್ತೀರಲ್ವಾ? ಒಂದು ದೊಡ್ಡ ಚಮಚ ಎಣ್ಣೆಗೇ ಸುಮಾರು 120 ಕ್ಯಾಲರಿ. ‘ಸಕ್ಕರೆ ಇಲ್ಲ’ ಅನ್ನುವ ಬಾರ್‌ನಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದಕ್ಕೂ ಗ್ರಾಂಗೆ 2 ಕ್ಯಾಲರಿಯಷ್ಟಿದೆ.

ದೇಜಾನ್ ಪಿಎಚ್‌ಡಿ: ಲೇಬಲ್ ಅಷ್ಟೇ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ಸಂಶೋಧಕ ಕೆವಿನ್ ಹಾಲ್ ತಂಡ 20 ಜನರನ್ನು ಒಂದೇ ಕಡೆ ಇರಿಸಿ ನೋಡಿತು. ಎರಡು ವಾರ ಕಾರ್ಖಾನೆ ತಿಂಡಿ, ಎರಡು ವಾರ ಸಾದಾ ಊಟ, ಎಷ್ಟು ಬೇಕೋ ಅಷ್ಟು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಡಿಮೆ ಸಮ. ಆದರೂ ಕಾರ್ಖಾನೆ ತಿಂಡಿಯ ವಾರಗಳಲ್ಲಿ ದಿನಕ್ಕೆ 500 ಕ್ಯಾಲರಿ ಜಾಸ್ತಿ ಹೊಟ್ಟೆಗೆ ಹೋಯಿತು. ನಿಮ್ಮ ಬಾರ್ ಕೂಡ ಕಾರ್ಖಾನೆ ತಿಂಡಿಯೇ. ಇನ್ನೊಂದು, ಮೈ ಹಗುರಾದ ಮೇಲೆ ಅದಕ್ಕೆ ಬೇಕಾಗುವುದೂ ಕಡಿಮೆ. ಮೊದಲು ತೂಕ ಇಳಿಸಿದ ತಟ್ಟೆಯೇ ಈಗ ಸರಿಸಮ ಆಗಿರಬಹುದು.

ಸಿಯೋಲ್ ಸೊಸೆ: ನಮ್ಮತ್ತೆ ಕೊರಿಯದವರು, ಹನುಯಿವೊನ್ ಅಂದರೆ ಪ್ರಾಣ. ಅಲ್ಲಿ ನಾಡಿ ಹಿಡಿದು, ಜೀರ್ಣ, ನಿದ್ದೆ, ಕೈಕಾಲು ತಣ್ಣಗಾಗುತ್ತಾ ಅಂತೆಲ್ಲ ಕೇಳುತ್ತಾರೆ. 19ನೇ ಶತಮಾನದ ಇ ಜೆ-ಮಾ ಎಂಬ ವೈದ್ಯರು ಜನರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿದರು, ನಮ್ಮ ವಾತ ಪಿತ್ತ ಕಫದ ಹಾಗೆ. ಅದರಲ್ಲಿ ‘ಸೊಯುಮ್’ ಅಂದರೆ ತಣ್ಣನೆ ಹೊಟ್ಟೆಯವರು. ದಿನಾ ಹಸಿ ಸಲಾಡ್, ಐಸ್ ಹಾಕಿದ ಪಾನೀಯ ಆದರೆ ಅವರ ಜೀರ್ಣಶಕ್ತಿ ಕುಗ್ಗಿ, ಮೈಯಲ್ಲಿ ಕಫದಂಥದ್ದು ಕಟ್ಟಿಕೊಂಡು ತೂಕ ಇಳಿಯಲ್ಲ ಅನ್ನುವುದು ಹನುಯಿವೊನ್‌ನವರ ವಾದ. ಕಫದ ಮಾತನ್ನು ನಾನು ನಂಬಿಲ್ಲ. ಆದರೆ ಬಿಸಿ ದ್ವೆಂಜಾಂಗ್ (ಹುದುಗಿಸಿದ ಸೋಯಾ ಪೇಸ್ಟ್) ಸಾರು, ಸ್ವಲ್ಪ ಅನ್ನ, ತೋಫು ತಿಂದರೆ ಸಂಜೆ ಬಾರ್ ನೆನಪಾಗಲ್ಲ.

ಲೇಬಲ್ ಓದುವವ: ಹೋದರೆ ಹೋಗಿ, ಆದರೆ ಡಯಟ್ ಕಷಾಯ ಕೊಟ್ಟರೆ ‘ಮಾಹ್ವಾಂಗ್ ಇದೆಯಾ’ ಅಂತ ಕೇಳಿ. ಅದು ಎಫೆಡ್ರಾ ಎಂಬ ಗಿಡಮೂಲಿಕೆ, ಅದರಲ್ಲಿ ಎಫೆಡ್ರಿನ್ ಎಂಬ ಉತ್ತೇಜಕ ಇರುತ್ತದೆ. ಹಸಿವು ಸಾಯುತ್ತದೆ, ಜೊತೆಗೆ ಎದೆಬಡಿತ, ಬಿಪಿ ಏರುತ್ತದೆ, ನಿದ್ದೆ ಕೆಡುತ್ತದೆ. ಇದೇ ಕಾರಣಕ್ಕೆ ಅಮೆರಿಕ 2004ರಲ್ಲಿ ಎಫೆಡ್ರಾ ಇರುವ ಪೂರಕ ಆಹಾರಗಳನ್ನು ನಿಷೇಧಿಸಿತು.

ಸುವೋನ್ ಹುಡುಗಿ: ನನಗೆ ಬಿಪಿ ಮಾತ್ರೆ ನಡೀತಾ ಇದೆ, ಹಾಗಾಗಿ ಕಷಾಯ ಬೇಡವೇ ಬೇಡ. ಸೊಸೆಯವರೇ, ದ್ವೆಂಜಾಂಗ್‌ನಲ್ಲಿ ಉಪ್ಪು ಜಾಸ್ತಿ ಅಲ್ವಾ?

ಸಿಯೋಲ್ ಸೊಸೆ: ಜಾಸ್ತಿನೇ. ಒಳಗಿನ ತೋಫು, ತರಕಾರಿ ಆರಿಸಿ ತಿನ್ನಿ, ನೀರು ಬಟ್ಟಲಲ್ಲೇ ಬಿಡಿ. ಇಲ್ಲದಿದ್ದರೆ ಮಾರನೇ ದಿನ ಮೈಯಲ್ಲಿ ನೀರು ನಿಂತು ತಕ್ಕಡಿ ಸುಮ್ನೆ ಹೆದರಿಸುತ್ತದೆ.