ಸೌನಾ ಆದ ಮೇಲೆ ತಣ್ಣೀರ ತೊಟ್ಟಿ: ಎದೆ ಬಡಿತದ ತೊಂದರೆ ಇರುವವರು ಇಳಿಯಬಹುದಾ?

ಡವಡವ:

ನನಗೆ ಏಟ್ರಿಯಲ್ ಫಿಬ್ರಿಲೇಷನ್ (ಏಫಿಬ್) ಇದೆ, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುವ ತೊಂದರೆ. ಯಾವಾಗಲೂ ಇರುವಂಥದ್ದಲ್ಲ, ಬಂದು ಹೋಗುವ ಬಗೆ. ಬಂದಾಗ ಎದೆಯೊಳಗೆ ಮೀನು ಒದ್ದಾಡಿದ ಹಾಗೆ ಪಟಪಟ ಅನ್ನುತ್ತದೆ, ಕೆಲವು ಗಂಟೆ ಇದ್ದು ತಾನಾಗಿಯೇ ನಿಲ್ಲುತ್ತದೆ. ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ತೆಗೆದುಕೊಳ್ಳುತ್ತಿದ್ದೇನೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದೇನೆ, ವಾಲ್ವ್ ಎಲ್ಲ ಚೆನ್ನಾಗಿದೆ ಅಂದರು.

ನಾನು ಹೋಗುವ ಜಿಮ್‌ನಲ್ಲಿ ಸೌನಾ (ಬಿಸಿ ಗಾಳಿಯಲ್ಲಿ ಕೂತು ಬೆವರುವ ಕೋಣೆ) ಇದೆ, ಪಕ್ಕದಲ್ಲೇ ತಣ್ಣೀರಿನ ತೊಟ್ಟಿ. ಎಲ್ಲರೂ ಸೌನಾದಿಂದ ಎದ್ದವರೇ ಬೆವರು ಸುರಿಸಿಕೊಂಡು ನೇರ ತೊಟ್ಟಿಗೆ ಇಳಿಯುತ್ತಾರೆ, ತಲೆ ಸಮೇತ ಮುಳುಗುತ್ತಾರೆ, ಹೊರಗೆ ಬಂದು ಮತ್ತೆ ಸೌನಾ. ನನಗೂ ಆಸೆ. ನಿದ್ದೆ ಚೆನ್ನಾಗಿ ಬರುತ್ತದೆ, ಮೈಕೈ ನೋವು ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಡಾಕ್ಟರ್ ಹತ್ತಿರ ಕೇಳಿದೆ. "ಮಾಡಿ, ಆದರೆ ಅತಿ ಬೇಡ" ಅಂದರು. ಹೊರಗೆ ಇನ್ನೂ ಜನ ಕಾಯುತ್ತಿದ್ದರು, ಅತಿ ಅಂದರೆ ಎಷ್ಟು ಅಂತ ಕೇಳಲು ಆಗಲಿಲ್ಲ.

ಬಿಸಿಯಿಂದಲೇ ಎಪಿಸೋಡ್ ಶುರುವಾಗಬಹುದಾ, ಅಥವಾ ತಣ್ಣೀರಿನಿಂದಲಾ? ಮಾತ್ರೆ ತೆಗೆದುಕೊಳ್ಳುವವರು ಬೇರೆ ಏನಾದರೂ ನೋಡಿಕೊಳ್ಳಬೇಕಾ? ಇದೇ ತೊಂದರೆ ಇದ್ದೂ ಮಾಡುತ್ತಿರುವವರು ಇದ್ದರೆ ದಯವಿಟ್ಟು ಹೇಳಿ.

ಇಸಿಜಿ ಕಾಗದ:

ನಾನು ಡಾಕ್ಟರ್ ಅಲ್ಲ, ಹೃದ್ರೋಗ ವಿಭಾಗದಲ್ಲಿ ಇಸಿಜಿ ಮತ್ತು ಹೋಲ್ಟರ್ (ದಿನವಿಡೀ ಬಡಿತ ದಾಖಲಿಸುವ ಪರೀಕ್ಷೆ) ಮಾಡುವ ಟೆಕ್ನಿಷಿಯನ್. ನಿಮ್ಮ ಡಾಕ್ಟರ್ "ಮಾಡಿ" ಅಂದಿದ್ದು ಯಾವುದಕ್ಕೆ ಅನ್ನುವುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಿ. ಸೌನಾಕ್ಕಾ, ತಣ್ಣೀರಿಗಾ, ಒಂದರಿಂದ ಇನ್ನೊಂದಕ್ಕೆ ಹಾರುವುದಕ್ಕಾ? ಇವು ಮೂರೂ ಬೇರೆ ಬೇರೆ. ನನ್ನ ಪ್ರಕಾರ ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು.

ಸೌನಾದಲ್ಲಿ ಏನಾಗುತ್ತದೆ ನೋಡಿ. ಒಣ ಸೌನಾ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಇರುತ್ತದೆ. ಮೈ ತಣಿಸಲು ಚರ್ಮದ ರಕ್ತನಾಳಗಳೆಲ್ಲ ಹಿಗ್ಗುತ್ತವೆ, ರಕ್ತ ಚರ್ಮದ ಕಡೆ ಹರಿಯುತ್ತದೆ, ಪಲ್ಸ್ 100 ದಾಟುತ್ತದೆ, ಕೆಲವರಿಗೆ 150ರ ತನಕವೂ ಹೋಗುತ್ತದೆ. ಒಂದು ಸಲ ಕೂತು ಎದ್ದರೆ ಸುಮಾರು ಅರ್ಧ ಲೀಟರ್ ಬೆವರು ಹೋಗಿರುತ್ತದೆ. ಹೃದಯಕ್ಕೆ ಇದು ಚುರುಕಾಗಿ ನಡೆದಷ್ಟು ಕೆಲಸ. ಹತೋಟಿಯಲ್ಲಿರುವ ಏಫಿಬ್ ಇರುವ ಬಹಳ ಜನ ಇದನ್ನು ತಡೆದುಕೊಳ್ಳುತ್ತಾರೆ. ತೊಂದರೆ ಬರುವುದು ಜಾಸ್ತಿಯಾಗಿ ಏಳುವಾಗ. ನಾಳಗಳು ಹಿಗ್ಗಿವೆ, ನೀರು ಕಡಿಮೆಯಾಗಿದೆ, ತಟ್ಟನೆ ನಿಂತರೆ ಬಿಪಿ ಕೆಳಗಿಳಿದು ಕಣ್ಣು ಕತ್ತಲೆ ಬರುತ್ತದೆ. ನೀವು ಅಪಿಕ್ಸಬಾನ್ ತೆಗೆದುಕೊಳ್ಳುವವರು, ಒದ್ದೆ ನೆಲದಲ್ಲಿ ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತ ಸೋರುವ ಭಯ ಇದೆ. ಎಪಿಸೋಡ್‌ಗಿಂತ ಇದಕ್ಕೇ ನಾನು ಜಾಸ್ತಿ ಹೆದರುತ್ತೇನೆ.

ಮೆಟೊಪ್ರೊಲಾಲ್ ಬಗ್ಗೆ ಒಂದು ಮಾತು. ಅದು ಪಲ್ಸ್ ಏರಲು ಬಿಡುವುದಿಲ್ಲ. ಆದ್ದರಿಂದ ನಿಮ್ಮ ಪಲ್ಸ್ 95 ಇದೆ, ಪಕ್ಕದವರದ್ದು 130 ಇದೆ ಅಂತ ನೀವು ಅವರಿಗಿಂತ ಆರಾಮಾಗಿದ್ದೀರಿ ಅಂದುಕೊಳ್ಳಬೇಡಿ. ಬಿಪಿ ಇಳಿದಾಗ ಅದನ್ನು ಸರಿದೂಗಿಸಲು ಹೃದಯ ವೇಗ ಹೆಚ್ಚಿಸಬೇಕು, ಆ ದಾರಿಯನ್ನು ಮಾತ್ರೆ ಅರ್ಧ ಮುಚ್ಚಿರುತ್ತದೆ.

ಈಗ ತಣ್ಣೀರು. 15 ಡಿಗ್ರಿಗಿಂತ ಕೆಳಗಿನ ನೀರಿಗೆ ಒಮ್ಮೆಲೇ ಇಳಿದರೆ ಮೊದಲು ಬರುವುದು ಒಂದು ದೊಡ್ಡ ಏದುಸಿರು. ನೀವು ಬೇಡ ಅಂದರೂ ಬರುತ್ತದೆ. ಆಮೇಲೆ ಉಸಿರಾಟ ಹತೋಟಿ ತಪ್ಪಿ ಓಡುತ್ತದೆ, ಅಡ್ರಿನಲಿನ್ ಏರುತ್ತದೆ, ಪಲ್ಸ್ ಮತ್ತು ಬಿಪಿ ಎರಡೂ ಮೇಲಕ್ಕೆ. ಮೊದಲ ಅರ್ಧ ನಿಮಿಷದಲ್ಲೇ ಇದು ತುದಿ ಮುಟ್ಟಿ ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ಇದೇ ಹೊತ್ತಿನಲ್ಲಿ ಮುಖವನ್ನೂ ಮುಳುಗಿಸಿ ಉಸಿರು ಬಿಗಿಹಿಡಿದರೆ ಇನ್ನೊಂದು ಪ್ರತಿಕ್ರಿಯೆ ಶುರುವಾಗುತ್ತದೆ: ಮುಖದ ನರಗಳಿಂದ ಸುದ್ದಿ ಹೋಗಿ ವೇಗಸ್ ನರ ಹೃದಯವನ್ನು ನಿಧಾನ ಮಾಡಲು ನೋಡುತ್ತದೆ. ಒಂದು ಕಡೆ ಓಡು ಅನ್ನುವ ಆಜ್ಞೆ, ಇನ್ನೊಂದು ಕಡೆ ನಿಲ್ಲು ಅನ್ನುವ ಆಜ್ಞೆ. ಬ್ರಿಟನ್ನಿನ ಸಂಶೋಧಕರಾದ ಶಾಟಕ್ ಮತ್ತು ಟಿಪ್ಟನ್ 2012ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಪೂರ್ತಿ ಆರೋಗ್ಯವಾಗಿರುವವರಲ್ಲೂ ತಣ್ಣೀರಲ್ಲಿ ಉಸಿರು ಕಟ್ಟಿ ಬಿಟ್ಟ ಹೊತ್ತಿಗೆ ಬಡಿತ ತಪ್ಪುವುದು ಕಾಣುತ್ತದೆ. ಅವರಿಗೆ ಬಹುತೇಕ ಏನೂ ಆಗುವುದಿಲ್ಲ. ಈಗಾಗಲೇ ತಾಳ ತಪ್ಪುವ ಹೃದಯ ಇರುವವರು ಅದನ್ನು ಕೆಣಕುವುದು ಯಾಕೆ?

ನೀವು ನೋಡಿದ ಜನ ಮಾಡುವುದು ಅದನ್ನೇ ಅಲ್ವಾ? ಬಿಸಿಯಿಂದ ನೇರ ತೊಟ್ಟಿಗೆ, ತಲೆ ಸಮೇತ. ಅದೊಂದನ್ನು ಬಿಟ್ಟುಬಿಡಿ.

ಕೆಳಗಿನ ಹಲಗೆ:

ನನಗೂ ಬಂದು ಹೋಗುವ ಏಫಿಬ್. ಅಬ್ಲೇಷನ್ ಆಗಿದೆ, ಅಂದರೆ ತೊಡೆಯ ಸಂದಿನ ರಕ್ತನಾಳದಿಂದ ನಳಿಗೆ ಹಾಕಿ ಹೃದಯದಲ್ಲಿ ತಾಳ ತಪ್ಪಿಸುವ ಜಾಗವನ್ನು ನಿಷ್ಕ್ರಿಯ ಮಾಡುವ ಚಿಕಿತ್ಸೆ. ಅದಾದ ಮೇಲೆ ತೊಡೆಯ ಸಂದಿನ ಗಾಯ ಪೂರ್ತಿ ಮಾಗಿ, ಡಾಕ್ಟರ್ ಸರಿ ಅನ್ನುವ ತನಕ ಸೌನಾ ಕಡೆ ತಲೆ ಹಾಕಲಿಲ್ಲ. ಈಗ ಹೋಗುತ್ತೇನೆ, ಬಹಳ ಇಷ್ಟಪಟ್ಟು ಹೋಗುತ್ತೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಯಾವಾಗಲೂ ಕೆಳಗಿನ ಹಲಗೆ ಮೇಲೆ ಕೂರುತ್ತೇನೆ. ಬಿಸಿ ಗಾಳಿ ಮೇಲಕ್ಕೆ ಏರುವುದರಿಂದ ಮೇಲಿನ ಹಲಗೆಗೂ ಕೆಳಗಿನದಕ್ಕೂ ತುಂಬಾ ವ್ಯತ್ಯಾಸ, ಕೂತು ನೋಡಿದರೆ ಕಿವಿಯ ತುದಿಗೇ ಗೊತ್ತಾಗುತ್ತದೆ. ಹತ್ತು ನಿಮಿಷದ ಒಳಗೆ ಎದ್ದು ಬರುತ್ತೇನೆ. ಏಳುವ ಮುಂಚೆ ಕಾಲು ಕೆಳಗಿಟ್ಟು ಪಾದದ ಹಿಮ್ಮಡಿ ಎತ್ತಿ ಇಳಿಸಿ ಮಾಡುತ್ತೇನೆ, ಕಾಲಲ್ಲಿ ನಿಂತ ರಕ್ತ ಮೇಲೆ ಬರಲಿ ಅಂತ, ಆಮೇಲೆ ಗೋಡೆ ಹಿಡಿದು ನಿಧಾನವಾಗಿ ನಿಲ್ಲುತ್ತೇನೆ. ಹೊರಗೆ ಬಂದು ಕೂತು ನೀರು ಕುಡಿಯುತ್ತೇನೆ. ಕುಡಿಯುವ ನೀರೂ ತೀರಾ ತಣ್ಣಗಿರಬಾರದು. ಐಸ್ ಹಾಕಿದ ನೀರು ಗಟಗಟ ಕುಡಿದ ಕೂಡಲೇ ಏಫಿಬ್ ಶುರುವಾಗುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ. ನಿಮಗೆ ಹಾಗಾಗುತ್ತದಾ ಅಂತ ಗಮನಿಸಿ. ಆಗುತ್ತಿದ್ದರೆ ತೊಟ್ಟಿಯ ಆಸೆ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪಲ್ಸ್ ನೋಡಲು ಕೈಗಡಿಯಾರ ನಂಬಬೇಡಿ. ಅಷ್ಟು ಬಿಸಿಗೆ ಅದನ್ನು ಮಾಡಿರುವುದಿಲ್ಲ. ಜೊತೆಗೆ ಬಡಿತ ಏರುಪೇರಾದಾಗ ಬೆಳಕು ಹಾಯಿಸಿ ಎಣಿಸುವ ಗಡಿಯಾರಗಳು ತಪ್ಪು ಲೆಕ್ಕ ಕೊಡುತ್ತವೆ. ಹೊರಗೆ ಬಂದು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮಂಥವರಿಗೆ ಆಗಲ್ಲ. ಎಷ್ಟು ಅನ್ನುವುದಕ್ಕಿಂತ ಹೇಗೆ ಬಡಿಯುತ್ತಿದೆ ಅನ್ನುವುದು ಮುಖ್ಯ. ಒಂದೇ ಸಮ ಇದ್ದರೆ ವೇಗ ಜಾಸ್ತಿ ಇದ್ದರೂ ಸ್ವಲ್ಪ ಹೊತ್ತಲ್ಲಿ ಇಳಿಯುತ್ತದೆ. ಎರಡು ಬಡಿತ ಹತ್ತಿರ, ಒಂದು ದೂರ, ಒಂದು ಜೋರು, ಒಂದು ಸಿಗುವುದೇ ಇಲ್ಲ, ಹೀಗಿದ್ದರೆ ಆ ದಿನಕ್ಕೆ ಸಾಕು.

ಮದ್ಯ ಕುಡಿದು ಅಂತೂ ಬೇಡವೇ ಬೇಡ. ಮದ್ಯ ತಾನೇ ಏಫಿಬ್ ಎಬ್ಬಿಸುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಸೌನಾದಲ್ಲಿ ಆಗುವ ಸಾವುಗಳಲ್ಲಿ ಮದ್ಯದ ಪಾಲು ದೊಡ್ಡದು.

ಎರಡನೇ ಮಗಳು:

ಮೇಲೆ ಬರೆದಿದ್ದೆಲ್ಲ ಏಫಿಬ್ ಇರುವವರಿಗೆ. ಇದನ್ನು ಓದುವ ಬೇರೆಯವರಿಗಾಗಿ ನಾನು ಬರೆಯುತ್ತಿದ್ದೇನೆ, ಯಾಕೆಂದರೆ ಎದೆ ಬಡಿತದ ತೊಂದರೆ ಅನ್ನುವುದು ಒಂದೇ ಕಾಯಿಲೆ ಅಲ್ಲ.

ನಮ್ಮ ಮನೆಯಲ್ಲಿ ಲಾಂಗ್ ಕ್ಯೂಟಿ ಅನ್ನುವ, ವಂಶದಲ್ಲಿ ಬರುವ ಹೃದಯದ ಕರೆಂಟಿನ ಕಾಯಿಲೆ ಇದೆ, ಒಂದನೇ ಬಗೆಯದು. ಅಮ್ಮನಿಗೆ, ಅಕ್ಕನಿಗೆ, ನನಗೆ. ಈ ಬಗೆಯಲ್ಲಿ ಈಜುವುದು, ನೀರಿಗೆ ಹಾರುವುದು ಇವೇ ಅಪಾಯದ ಬಡಿತ ಎಬ್ಬಿಸುವ ಮುಖ್ಯ ಕಾರಣಗಳಲ್ಲಿ ಸೇರಿವೆ. ಹಾಗಾಗಿ ತಣ್ಣೀರ ತೊಟ್ಟಿ ನಮಗೆ ಇಲ್ಲವೇ ಇಲ್ಲ. "ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಅಡ್ರಿನಲಿನ್ ಏರಿದಾಗ ಕೆರಳುವ ಸಿಪಿವಿಟಿ ಅನ್ನುವ ಇನ್ನೊಂದು ಕಾಯಿಲೆಯಲ್ಲೂ ಹಾಗೆಯೇ. ಬ್ರುಗಾಡ ಅನ್ನುವ ಇನ್ನೊಂದು ಬಡಿತದ ಕಾಯಿಲೆ ಇರುವವರಿಗೆ ತೊಂದರೆ ಬರುವುದು ಬಿಸಿಯಿಂದ. ಜ್ವರ ಬಂದರೇ ಕೂಡಲೇ ಇಳಿಸಿ ಅಂತ ಅವರಿಗೆ ಹೇಳಿರುತ್ತಾರೆ, ಇನ್ನು ಮೈ ಬಿಸಿ ಏರಿಸುವ ಸೌನಾ ಡಾಕ್ಟರ್ ಕೇಳದೆ ಹೇಗೆ ಮಾಡುತ್ತಾರೆ?

ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ನೀರಲ್ಲಿ ಮುಳುಗಿ ಹೋದ ಒಳ್ಳೆ ಈಜುಗಾರರಿದ್ದರೆ, ಅಥವಾ ನಿಮಗೇ ಓಡುವಾಗ ಎಚ್ಚರ ತಪ್ಪಿದ್ದರೆ, ತಣ್ಣೀರಿಗೆ ಇಳಿಯುವ ಮೊದಲು ಒಂದು ಇಸಿಜಿ ಮಾಡಿಸಿ. ಇದನ್ನು ಕೈಮುಗಿದು ಕೇಳುತ್ತೇನೆ.

ನೇರ ಮಾತು:

ಇಷ್ಟೆಲ್ಲ ಹುಷಾರಾಗಿ ಮಾಡಬೇಕಾದ್ದನ್ನು ಮಾಡುವುದಾದರೂ ಯಾಕೆ? ಸೌನಾ ಮಾಡಿದರೆ ಹೃದಯಕ್ಕೆ ಒಳ್ಳೆಯದು ಅಂತ ಎಲ್ಲ ಕಡೆ ಹಂಚುತ್ತಿರುತ್ತಾರೆ. ನಿಜವಾ ಅದು?

ಇಸಿಜಿ ಕಾಗದ:

ಅದು ಬಂದಿದ್ದು ಫಿನ್ಲೆಂಡಿನ ಕುವೊಪಿಯೊ ಕಡೆಯ ಅಧ್ಯಯನದಿಂದ. 2015ರಲ್ಲಿ ಪ್ರಕಟವಾಯಿತು. 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದರು. ವಾರಕ್ಕೆ 4ರಿಂದ 7 ಸಲ ಸೌನಾ ಮಾಡುವವರಲ್ಲಿ, ವಾರಕ್ಕೆ ಒಂದೇ ಸಲ ಮಾಡುವವರಿಗೆ ಹೋಲಿಸಿದರೆ, ಹೃದಯ ದಿಢೀರ್ ನಿಂತು ಸಾಯುವುದು ಶೇಕಡಾ 63 ಕಡಿಮೆ ಇತ್ತು. ಸಂಖ್ಯೆ ದೊಡ್ಡದೇ. ಆದರೆ ಎಲ್ಲರೂ ಗಂಡಸರು, ನಡುವಯಸ್ಸಿನವರು, ಸಣ್ಣಂದಿನಿಂದ ಸೌನಾದಲ್ಲೇ ಬೆಳೆದವರು. ಆರೋಗ್ಯ ಚೆನ್ನಾಗಿರುವವರೇ ಜಾಸ್ತಿ ಸೌನಾಕ್ಕೆ ಹೋಗುತ್ತಿದ್ದಿರಬಹುದು. ಅದರಿಂದ ಏಫಿಬ್ ವಾಸಿಯಾಗುತ್ತದೆ ಅಂತ ಯಾರೂ ತೋರಿಸಿಲ್ಲ, ತಣ್ಣೀರ ತೊಟ್ಟಿಗಂತೂ ಆ ಅಂಕಿಗೂ ಸಂಬಂಧವೇ ಇಲ್ಲ. ಆದರೂ ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ ಅನ್ನುವುದು ಸಣ್ಣ ಕಾರಣ ಅಲ್ಲ. ಏಫಿಬ್ ಇರುವವರು ಯಾವಾಗ ಬರುತ್ತದೋ ಅಂತ ಹೆದರಿಕೊಂಡೇ ಬದುಕುತ್ತಾರೆ, ಅವರಿಗೆ ಇಷ್ಟವಾದದ್ದನ್ನು ಸುಮ್ನೆ ಕಿತ್ತುಕೊಳ್ಳಬಾರದು.

ಡವಡವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೌನಾ ಕೆಳಗಿನ ಹಲಗೆಯಿಂದ ಶುರು ಮಾಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ತೊಟ್ಟಿ ಬಿಟ್ಟು ಸೌನಾ ಆದ ಮೇಲೆ ಮೈ ತಣಿಸಿಕೊಳ್ಳುವುದು ಹೇಗೆ? ಇನ್ನೊಂದು, ಜಿಮ್‌ನಲ್ಲಿ ಒಬ್ಬರು "ಎದೆ ಬಡಿತ ಜೋರಾದರೆ ತಣ್ಣೀರಲ್ಲಿ ಮುಖ ಅದ್ದಿ, ನಿಂತುಹೋಗುತ್ತದೆ" ಅಂದರು. ಹಾಗಾದರೆ ಏಫಿಬ್ ಶುರುವಾದಾಗ ತೊಟ್ಟಿಗೆ ಇಳಿದರೆ ಒಳ್ಳೆಯದೇ ಅಲ್ವಾ?

ಕೆಳಗಿನ ಹಲಗೆ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಹೊರಗೆ ಕೂತು ಗಾಳಿಗೆ ಮೈ ಆರಲಿ. ಆಮೇಲೆ ಉಗುರುಬೆಚ್ಚಗಿನ ಶವರ್, ಪಾದದಿಂದ ಶುರು ಮಾಡಿ ಮೊಣಕಾಲು, ಕೈ, ಕೊನೆಗೆ ಬೆನ್ನು. ಉಸಿರು ಹಿಡಿಯದೆ, ಮಾತಾಡುವಷ್ಟು ಆರಾಮಾಗಿ ಉಸಿರಾಡುತ್ತಾ ಮಾಡಿ. ನನಗೆ ಅಷ್ಟೇ ಸಾಕಾಗಿದೆ. ಮುಂದೆ ಡಾಕ್ಟರ್ ಒಪ್ಪಿದರೆ ನೀರನ್ನು ದಿನ ಕಳೆದಂತೆ ಸ್ವಲ್ಪ ಸ್ವಲ್ಪ ತಣ್ಣಗೆ ಮಾಡಿಕೊಳ್ಳಬಹುದು, ಮೈ ಒಗ್ಗಿಕೊಂಡ ಹಾಗೆ ಆ ಏದುಸಿರು ಕಡಿಮೆಯಾಗುತ್ತದೆ. ಒಬ್ಬರೇ ಇರುವಾಗ ಮಾತ್ರ ಬೇಡ.

ಇಸಿಜಿ ಕಾಗದ:

ಎರಡನೆಯದಕ್ಕೆ: ಇಲ್ಲ, ಇಳಿಯಬೇಡಿ. ಮುಖಕ್ಕೆ ತಣ್ಣೀರು ಇಡುವ ಉಪಾಯ ಎಸ್‌ವಿಟಿ ಅನ್ನುವ ಬೇರೆ ತೊಂದರೆಗೆ. ಅದರಲ್ಲಿ ಬಹಳ ಸಲ ಕರೆಂಟು ಹೃದಯದ ಮಧ್ಯದ ಎವಿ ನೋಡ್ ಮೂಲಕ ಸುತ್ತು ಹೊಡೆಯುತ್ತಿರುತ್ತದೆ, ವೇಗಸ್ ನರ ಆ ನೋಡನ್ನು ಒಂದು ಕ್ಷಣ ತಡೆದರೆ ಸುತ್ತು ಕಡಿದುಹೋಗುತ್ತದೆ. ಏಫಿಬ್ ಹುಟ್ಟುವುದು ಮೇಲಿನ ಕೋಣೆಗಳಲ್ಲಿ, ನೋಡ್ ತಡೆದರೂ ಅಲ್ಲಿನ ಗಲಾಟೆ ನಿಲ್ಲುವುದಿಲ್ಲ. ಕೆಲವರಿಗೆ ವೇಗಸ್ ನರ ಜೋರಾಗಿರುವ ಹೊತ್ತಲ್ಲೇ, ಅಂದರೆ ಊಟವಾದ ಮೇಲೆ, ನಿದ್ದೆಯಲ್ಲಿ, ಏಫಿಬ್ ಬರುತ್ತದೆ. ಅವರಿಗೆ ಇದು ಉಲ್ಟಾ ಹೊಡೆಯಬಹುದು. ಎಸ್‌ವಿಟಿ ಇರುವವರು ಕೂಡ ಕೂತುಕೊಂಡು ಮುಖಕ್ಕೆ ತಣ್ಣನೆಯ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಾರೆ, ಅದನ್ನೂ ಡಾಕ್ಟರ್ ಹೇಳಿಕೊಟ್ಟಿದ್ದರೆ ಮಾತ್ರ. ಬಡಿತ ತಪ್ಪಿರುವಾಗ ತೊಟ್ಟಿಗೆ ಇಳಿದು ಎಚ್ಚರ ತಪ್ಪಿದರೆ ಮುಳುಗಿ ಹೋಗುತ್ತೀರಿ.

ಸೌನಾದಲ್ಲಿ ಶುರುವಾದರೆ ಹೊರಗೆ ಬಂದು ಮಲಗಿ, ಕಾಲು ಸ್ವಲ್ಪ ಮೇಲಿಡಿ, ನೀರು ಕುಡಿಯಿರಿ, ಜೊತೆಯವರಿಗೆ ಹೇಳಿ. ಎಪಿಸೋಡ್ ಬಂದಾಗ ಏನು ಮಾಡಬೇಕು ಅಂತ ನಿಮ್ಮ ಡಾಕ್ಟರ್ ಹೇಳಿರುವುದನ್ನು ಮಾಡಿ. ಎದೆ ನೋವು, ಉಸಿರು ಕಟ್ಟುವುದು, ಎಚ್ಚರ ತಪ್ಪುವುದು, ಮಾತು ತೊದಲುವುದು ಅಥವಾ ಮುಖ, ಕೈ ಒಂದು ಕಡೆ ಜೋಲುವುದು, ಇವುಗಳಲ್ಲಿ ಯಾವುದೇ ಆದರೂ ಆಂಬುಲೆನ್ಸ್ ಕರೆಸಿ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ, ಅಪಿಕ್ಸಬಾನ್ ತೆಗೆದುಕೊಳ್ಳುತ್ತೀರಿ ಅನ್ನುವುದನ್ನು ಅಲ್ಲಿ ಎಲ್ಲಕ್ಕಿಂತ ಮೊದಲು ಹೇಳಿ.