22 ಅಡಿ ಕಾಳಿಂಗ, 350 ರೂಪಾಯಿ ಬಾಕಿ

ಜುಲೈನಲ್ಲಿ ಎಲ್ಲರೂ ಆಗುಂಬೆಗೆ ಹೋಗೋಣ, ಕಾಡು ನೋಡಿ ಹೋಮ್‌ಸ್ಟೇಯಲ್ಲಿ ಎರಡು ದಿನ ಇದ್ದು ಬರೋಣ ಅಂತ ಮನೆ ಗ್ರೂಪಿನಲ್ಲಿ ಹಾಕಿದ್ದು ನಾನೇ. ಎಂಟು ಜನ ಹೂಂ ಅಂದಿದ್ದರು. ಭಾನುವಾರ ಬೆಳಿಗ್ಗೆ 6:10ಕ್ಕೆ ಇದು ಬಂತು.

ಸುಮತಿ ಅತ್ತೆ: ⚠️ಆಗುಂಬೆಗೆ ಹೋಗುವವರೇ ಎಚ್ಚರ!! ಹೊಸನಗರ ತಾಲೂಕಿನ ಆಗುಂಬೆಯಲ್ಲಿ ಹೋಮ್‌ಸ್ಟೇಗೆ ನುಗ್ಗಿದ 22 ಅಡಿ ಕಾಳಿಂಗ ಸರ್ಪ!! ಜೋಡಿಯನ್ನು ಕೊಂದ ಪ್ರವಾಸಿಗರ ಕಾರನ್ನು 3 ಕಿ.ಮೀ. ಬೆನ್ನಟ್ಟಿತು. ಎಲ್ಲ ಗ್ರೂಪಿಗೂ ಕಳಿಸಿ 🙏

ಸುಮತಿ ಅತ್ತೆ: ನಿಖಿಲನನ್ನು ನಾನು ಕಳಿಸುವುದಿಲ್ಲ. ಈಗಲೇ ಹೇಳಿದ್ದೇನೆ.

ಮಂಜಣ್ಣ: ಅತ್ತೆ, ಇದು ಯಾವ ಪೇಪರಿನಲ್ಲಿ ಬಂತು? ಯಾವತ್ತು?

ಸುಮತಿ ಅತ್ತೆ: ನಮ್ಮ ಭಜನೆ ಗ್ರೂಪಿನಲ್ಲಿ ಬಂತು. ಅವರೇನು ಸುಳ್ಳು ಹೇಳುತ್ತಾರಾ?

ಮಂಜಣ್ಣ: ಆಗುಂಬೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ. ಇದುವರೆಗೆ ಅಳೆದಿರುವ ಅತಿ ಉದ್ದದ ಕಾಳಿಂಗವೇ 20 ಅಡಿ ಮುಟ್ಟಿಲ್ಲ. ಅದು ತಿನ್ನುವುದು ಕೇರೆ, ನಾಗರ, ಅಂಥ ಬೇರೆ ಹಾವುಗಳನ್ನ. ಜೋಡಿ, ಸೇಡು ಎಲ್ಲ ಸಿನಿಮಾದ್ದು.

ದೊಡ್ಡಪ್ಪ: ಮಂಜುನಾಥ, ಹಿರಿಯರನ್ನು ಹೀಗೆ ಪಾಟೀಸವಾಲು ಮಾಡುವ ಪದ್ಧತಿ ಈ ಮನೆಯಲ್ಲಿ ಇರಲಿಲ್ಲ. ನಾವು ಕಾಡಿಗೆ ಹೋಗುತ್ತಿದ್ದದ್ದು ಸೊಪ್ಪು, ದರಗು ತರುವುದಕ್ಕೆ. ನೋಡುವುದಕ್ಕೆ ಅಂತ ಯಾರೂ ಹೋಗುತ್ತಿರಲಿಲ್ಲ. ಈಗ ಸ್ಪೀಕರ್ ಹಾಕಿ ಕುಣಿದು, ಬಾಟಲಿ ಒಡೆದು ಬರುವುದಕ್ಕೆ ಇಕೋ ಟೂರಿಸಂ ಅಂತ ಹೆಸರು.

ಮಂಜಣ್ಣ: ಕೊಡಚಾದ್ರಿಗೆ ಸ್ಪೀಕರ್ ತಂದವರು ಯಾರು ಅಂತ ಹೇಳಬೇಕಾ ದೊಡ್ಡಪ್ಪ?

(ತಂದಿದ್ದು ದೊಡ್ಡಪ್ಪನ ಮಗನೇ.)

ಸುರೇಶಣ್ಣ: ಅದರಲ್ಲಿ ಚಾರ್ಜೇ ಇರಲಿಲ್ಲ ಮಾರಾಯ.

ಮಂಜಣ್ಣ: ಚಾರ್ಜ್ ಇರಲಿಲ್ಲ, ಸರಿ. ಜೀಪಿನ ಬಾಡಿಗೆ? ನಿನ್ನ ಪಾಲು 350 ಇನ್ನೂ ಬಂದಿಲ್ಲ.

ಸುರೇಶಣ್ಣ: ಎಲ್ಲರೆದುರು ಕೇಳುವ ಮಾತಾ ಇದು?

ರಘು ನ್ಯೂಜೆರ್ಸಿ: ಆಗುಂಬೆ ಅಂದ ಕೂಡಲೇ ಅಜ್ಜಿ ನೆನಪಾದರು ❤️ ಶಂಕರ್‌ನಾಗ್ ಶೂಟಿಂಗ್ ಮಾಡಿದ ದೊಡ್ಡಮನೆ ಜಗಲಿಯಲ್ಲಿ ಕೂತು ಕಷಾಯ ಕುಡಿದಿದ್ದೆವು, ಆಮೇಲೆ ಬಸ್ಸಿನಲ್ಲಿ ಘಾಟಿ ಇಳಿಯುವಾಗ 14 ತಿರುವಿನಲ್ಲಿ ಐದನೆಯದಕ್ಕೇ ಸುರೇಶ ನನ್ನ ಹೊಸ ಅಂಗಿ ಮೇಲೆ ವಾಂತಿ ಮಾಡಿದ, ಆ ಅಂಗಿ ತೊಳೆದದ್ದೂ ಅಜ್ಜಿಯೇ.

ಸುರೇಶಣ್ಣ: ಮತ್ತೆ ನಾನೇ!

ಹಾವಿನ ಮಾತು ಅಷ್ಟು ಹೊತ್ತಿಗೆ ಎಲ್ಲೋ ಹೋಗಿತ್ತು. ನನಗೆ ತಡೆಯಲಾಗಲಿಲ್ಲ.

ನಾನು: ಅತ್ತೆ, 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಅಂತ ತೋರಿಸಿದರು. ನಮ್ಮ ಮಾತಿನ ಹೆಸರನ್ನೇ ಇಟ್ಟಿದ್ದಾರೆ, ಒಫಿಯೋಫೇಗಸ್ ಕಾಳಿಂಗ. ಹೆಣ್ಣು ಒಣಗಿದೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹೋದ ತಕ್ಷಣ ಕಣ್ಣಿಗೆ ಬಿದ್ದರೆ ನಮ್ಮ ಪುಣ್ಯ.

ಸುಮತಿ ಅತ್ತೆ: ನೋಡು, ಬೇರೆ ಜಾತಿ ಅಂತ ನೀನೇ ಹೇಳಿದೆ. ಹಾಗಾದರೆ ಇದು 22 ಅಡಿ ಇರಬಹುದಲ್ವಾ?

ಮಂಜಣ್ಣ: 🤦

ಸುರೇಶಣ್ಣ: ಅದಿರಲಿ, ಜುಲೈನಲ್ಲಿ ಅಲ್ಲಿ ಏನು ನೋಡುವುದು? ಸನ್‌ಸೆಟ್ ಪಾಯಿಂಟಿನಲ್ಲಿ ಸನ್ನೂ ಇಲ್ಲ, ಸೆಟ್ಟೂ ಇಲ್ಲ, ಬರೀ ಮಂಜು.

ಮಂಜಣ್ಣ: ನನ್ನ ಹೆಸರು ಎಳೆಯಬೇಡ. 350.

ನಾನು: ಮಳೆ ನೋಡುವುದು. ಕಪ್ಪೆ ನೋಡುವುದು. ರಾತ್ರಿ ಟಾರ್ಚ್ ಹಿಡಿದು ರಸ್ತೆ ಬದಿ ನಡೆದರೆ ಸಾಕು, ಪೊದೆ ಪೊದೆಯಲ್ಲೂ ಕೂಗುತ್ತಿರುತ್ತವೆ. ರಕ್ತ ಹೀರುವ ಉಂಬಳ ಮಾತ್ರ ಗ್ಯಾರಂಟಿ.

ಸುಮತಿ ಅತ್ತೆ: ಕೊಡಚಾದ್ರಿಗೂ ಹೀಗೇ. ಹುಡುಗರು ಹುಡುಗರೇ ಹೋಗಿ ಬಂದಿರಿ. ಈ ಸಲ ನಿಖಿಲನನ್ನು ಕರೆದಿರಿ. ನನ್ನನ್ನು ಯಾರಾದರೂ ಒಂದು ಮಾತು ಕೇಳಿದಿರಾ?

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಮಾತ್ರ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸುತ್ತಿತ್ತು, ಏನೂ ಬರಲಿಲ್ಲ.

ನಾನು: ಅತ್ತೆ, ತಪ್ಪಾಯಿತು. ನೀವೂ ಬನ್ನಿ.

ಸುಮತಿ ಅತ್ತೆ: ಹಾವು ಇದೆಯಲ್ಲ.

ಮಂಜಣ್ಣ: 20 ಅಡಿ ಒಳಗೇ ಅತ್ತೆ.

ಸಂಜೆ 7:40ಕ್ಕೆ ಸುರೇಶಣ್ಣ 300 ರೂಪಾಯಿ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದ. ಉಳಿದ 50 ಯಾಕೆ ಅಂತ ಮಂಜಣ್ಣ ಕೇಳುವಷ್ಟರಲ್ಲಿ ಅತ್ತೆಯ ಮೆಸೇಜ್ ಬಂತು.

ಸುಮತಿ ಅತ್ತೆ: ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನು ತರುತ್ತೇನೆ. ನಿಖಿಲ ಬರುವುದಿಲ್ಲ, ಅವನಿಗೆ ಪರೀಕ್ಷೆ. ಕಾರಿನಲ್ಲಿ ನನಗೆ ಮುಂದಿನ ಸೀಟು.