ಗೋಬರ್ ಗ್ಯಾಸ್ ಕೈಕೊಟ್ಟಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿ ಹತ್ತಿರ. ಮನೆಯಲ್ಲಿ 2 ಘನ ಮೀಟರಿನ ದೀನಬಂಧು ಮಾದರಿಯ (ನೆಲದಡಿಯ ಗುಮ್ಮಟದಂಥ) ಗ್ಯಾಸ್ ಗುಂಡಿ ಇದೆ. ದಿನಕ್ಕೆ 45-50 ಕೆಜಿ ಸಗಣಿ, ಅಷ್ಟೇ ನೀರು, ಕದಡಿ ಹಾಕ್ತೇವೆ. ದೀಪಾವಳಿವರೆಗೆ ಎರಡು ಹೊತ್ತಿನ ಅಡುಗೆ ಆರಾಮಾಗಿ ಆಗ್ತಿತ್ತು. ಈಗ ಬೆಳಗಿನ ದೋಸೆ ಮುಗಿಯುವುದರೊಳಗೆ ಒಲೆ ಆರುತ್ತದೆ.

ಚಳಿಗೆ ಗ್ಯಾಸ್ ಇಳಿಯೋದು ಪ್ರತಿ ವರ್ಷದ ಕತೆ. ಒಳಗೆ ಗ್ಯಾಸ್ ಮಾಡುವ ಸೂಕ್ಷ್ಮಾಣುಗಳಿಗೆ 35 ಡಿಗ್ರಿ ಆಸುಪಾಸಿನ ಬಿಸಿ ಇದ್ದರೆ ಹುರುಪು. ಆದರೆ ಈ ಸಲ ಅರ್ಧಕ್ಕಿಂತ ಕಡಿಮೆ, ಹೊರಬರುವ ಬಗ್ಗಡಕ್ಕೆ ಹುಳಿ ವಾಸನೆ ಬೇರೆ. ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿಯಾಯ್ತು, ಸೋರಿಕೆ ಇಲ್ಲ.

ಅನುಮಾನ ಎರಡು. ಕೆಚ್ಚಲು ಬಾವು ಬಂದ ಒಂದು ಹಸುವಿಗೆ ಆಂಟಿಬಯೋಟಿಕ್ ಕೊಡಿಸಿದ್ದೆವು, ಅದರ ಸಗಣಿಯೂ ಗುಂಡಿಗೇ ಹೋಯ್ತು. ಅದೇ ವಾರ ಮದುವೆಮನೆಯಲ್ಲಿ ಉಳಿದ ಅನ್ನ ನಾಲ್ಕು ಬಕೆಟ್ ಸುರಿದೆ. ಗ್ಯಾಸ್ ಜಾಸ್ತಿ ಬರಲಿ ಅನ್ನೋ ದುರಾಸೆ, ಒಪ್ಪಿಕೊಳ್ತೇನೆ.

ಸಗಣಿ ಹಾಕೋದು ಸ್ವಲ್ಪ ದಿನ ನಿಲ್ಲಿಸಲಾ? ಹುಳಿ ಇಳಿಸೋಕೆ ಸುಣ್ಣದ ನೀರು ಹಾಕಿದವರು ಎಷ್ಟು ಹಾಕಿದಿರಿ? ಪಕ್ಕದ ಮನೆಯವರ ಗುಂಡಿ ಚೆನ್ನಾಗಿ ನಡೀತಿದೆ, ಅಲ್ಲಿಂದ ಹತ್ತಿಪ್ಪತ್ತು ಕೊಡ ಬಗ್ಗಡ ಹೆಪ್ಪಿನ ಹಾಗೆ ತಂದು ಹಾಕಿದರೆ ಚೇತರಿಸಬಹುದಾ? ಗುಂಡಿ ಪೂರ್ತಿ ಖಾಲಿ ಮಾಡಿ ಅಂತ ಮಾತ್ರ ಹೇಳಬೇಡಿ ಮಾರಾಯ್ರೇ, ಅಡಿಕೆ ಕೊಯ್ಲು ನಡೀತಿದೆ, ಆಳು ಸಿಗೋದಿಲ್ಲ.